ಉಪ್ಪು ನೀರು ಕುಡಿದ ಯಂತ್ರ

“ಸ್ವಿಚ್ ಹಾಕಿ,” ಎಂದೆ.

ಹೇಮಾಕ್ಷಿ ಜಗಲಿಯ ಗೋಡೆಯಲ್ಲಿದ್ದ ಸ್ವಿಚ್ ಒತ್ತಿದಳು. ಯಂತ್ರ ಗುಂಯ್ ಎಂದಿತು. ಅಷ್ಟೇ. ತಿರುಗಲಿಲ್ಲ. ನಾನು ಅದರ ಹಳದಿ ಬೆನ್ನಿಗೆ ಅಂಗೈಯಿಂದ ಒಂದು ಕೊಟ್ಟೆ. ಅದಕ್ಕೂ ಬಗ್ಗಲಿಲ್ಲ.

“ಆಫ್ ಮಾಡಿ, ಆಫ್ ಮಾಡಿ! ಕಾಯಿಲ್ ಸುಟ್ಟು ಹೋದೀತು.”

ಈ ನಂತೂರಿನ ಮನೆಗೆ ಅವಳು ನನ್ನನ್ನು ಕರೆದದ್ದು ಗಂಡನನ್ನು ಹುಡುಕಿಕೊಡಲು. ಶಿವರಾತ್ರಿ ಕಳೆದ ಮೇಲೆ ಬಾಂಬೆ ಬಸ್ಸು ಹತ್ತುತ್ತೇನೆಂದು ಪಂಪ್‌ವೆಲ್ಲಿಗೆ ಹೊರಟ ಜಯ ದುಬೈ ಮುಟ್ಟಲೇ ಇಲ್ಲ. ಈಗ ಮೇ ತಿಂಗಳು ಮುಗಿಯುತ್ತಾ ಪತ್ತನಾಜೆ ಬಂತು. ನಾನೋ, ಅವನ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಅವನ ಯಂತ್ರದ ಹೊಟ್ಟೆ ಬಗೆಯುತ್ತಿದ್ದೆ. ಪತ್ತೇದಾರ ತಾರಾನಾಥ ಶೆಟ್ಟಿಗೆ ಇದೊಂದು ಬಾಕಿ ಇತ್ತು.

ತಪ್ಪು ನನ್ನದೇ. ಬೆಳಿಗ್ಗೆ ಬಂದವನು ಸುಮ್ಮನೆ ಕೇಳಿದ್ದೆ, “ಇದು ಎಂತದು, ಮೂಲೆಯಲ್ಲಿ?”

“ನೀರಿನ ಗನ್ನು ಶೆಟ್ರೇ. ಅಂಗಳ ತೊಳಿಯುವುದು. ಈ ಸಲ ಬರುವಾಗ ಇವರು ತಂದದ್ದು. ಇವರು ಹೋದ ದಿವಸದಿಂದ ಅದೂ ಹಾಳು.” ಮತ್ತೆ ಸೇರಿಸಿದಳು, “ಅದೊಂದು ಸರಿಯಾದರೂ ಈ ಮನೆಯಲ್ಲಿ ಒಂದು ಶಬ್ದ ಅಂತ ಇರ್ತಿತ್ತು.”

ಹಾಗೆ ಹೇಳಿದ ಮೇಲೆ ಎದ್ದು ಹೋಗಲಿಕ್ಕೆ ಆಗುತ್ತದಾ? ನನ್ನ ರೂಮಿನಲ್ಲೂ ಶಬ್ದ ಎನ್ನುವುದಿಲ್ಲ. ನನ್ನ ಹೆಂಡತಿ ಗುಲಾಬಿ ತೀರಿಕೊಂಡಾಗ ನಾನು ಹಡಗಿನ ಇಂಜಿನ್ ರೂಮಿನಲ್ಲಿದ್ದೆ, ಸುದ್ದಿ ಸಿಕ್ಕುವಾಗ ಎಲ್ಲ ಮುಗಿದಿತ್ತು. ಆಮೇಲೆ ಕಡಲೂ ಬೇಡವಾಯಿತು. ಪಂಪುಗಳನ್ನು ಬಿಚ್ಚುತ್ತಿದ್ದ ಕೈಯಲ್ಲಿ ಊರವರ ಗುಟ್ಟು ಬಿಚ್ಚುವ ಕೆಲಸ ಹಿಡಿದೆ.

ಮೊದಲು ಕಂಡದ್ದು ವೈರು. ಇಷ್ಟು ದೊಡ್ಡ ಮೋಟಾರಿಗೆ ಟೇಬಲ್ ಫ್ಯಾನಿನ ವೈರು ಜೋಡಿಸಿ, ಐದು ಆಂಪಿಯರಿನ ಪ್ಲಗ್ಗಿಗೆ ಚುಚ್ಚಿದ್ದಳು ಹೇಮಾಕ್ಷಿ. ಮಧ್ಯಾಹ್ನದ ವೋಲ್ಟೇಜು ಮೊದಲೇ ಅಷ್ಟಕ್ಕಷ್ಟೆ. ಅಡುಗೆಮನೆಯ ಹದಿನೈದರ ಪ್ಲಗ್ಗಿಗೆ ದಪ್ಪ ವೈರು ಎಳೆದು ಹಾಕಿದೆ. ಯಂತ್ರ ಕೆಮ್ಮಿತು, ಮತ್ತೆ ಓಡಿತು. ಓಡಿತು ಸರಿ, ಗನ್ನಿನ ಟ್ರಿಗರ್ ಒತ್ತಿದರೆ ಎಳೆ ಮಗು ಉಚ್ಚೆ ಹೊಯ್ದಷ್ಟು ನೀರು.

“ದುಬೈಯಿಂದ ತಂದದ್ದು ಇದನ್ನಾ? ನನ್ನ ಲಾಡ್ಜಿನ ನಲ್ಲಿ ಇದಕ್ಕಿಂತ ಜೋರುಂಟು ಮಾರಾಯ್ರೆ.”

ಹೇಮಾಕ್ಷಿ ನಕ್ಕಳು. ನಕ್ಕವಳು ತಕ್ಷಣ ಬಾಯಿ ಮುಚ್ಚಿಕೊಂಡು ದಾರಿಗೆ ಇಳಿಯುವ ದಣಪೆಯ ಕಡೆ ನೋಡಿದಳು. ಗಂಡ ಕಾಣೆಯಾದ ಮನೆಯಲ್ಲಿ ನಗು ಕೇಳಿದರೆ ಅಕ್ಕಪಕ್ಕದವರು ಎಂತ ಮಾತಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಅವರು ಆಗಲೇ ಮಾತಾಡಿ ಮುಗಿಸಿದ್ದರು. ಜಯ ಬಾಂಬೆಯಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ಇವಳು ಇಲ್ಲಿ ಬಾಗಿಲು ಕಾಯುತ್ತಾ ಕೂತಿದ್ದಾಳೆ ಎಂದು ನಂತೂರಿನಿಂದ ಪಂಪ್‌ವೆಲ್ ತನಕ ಎಲ್ಲರ ಬಾಯಲ್ಲೂ ಇತ್ತು.

“ನನಗೆ ಒಂದೇ ಗೊತ್ತಾಗ್ಬೇಕು ಶೆಟ್ರೇ,” ಎಂದು ಮೊದಲ ದಿನವೇ ಹೇಳಿದ್ದಳು. “ಅವರು ಇದ್ದಾರಾ, ಇಲ್ಲವಾ. ಇದ್ದು ಬರುವುದಿಲ್ಲ ಅಂತಾದರೂ ಆಗ್ಬಹುದು. ಗೊತ್ತಿಲ್ಲದೆ ಹೀಗೆ ಕೂತ್ಕೊಳ್ಲಿಕ್ಕೆ ಆಗುದಿಲ್ಲ. ಕುಂಕುಮ ಇಡುವಾಗ ಕೈ ನಿಲ್ತದೆ.”

ನೀರು ಏಕೆ ಬರುವುದಿಲ್ಲ? ಯಂತ್ರ ಡ್ರಮ್ಮಿನಿಂದ ನೀರು ಎಳೆಯುತ್ತದೆ, ಒತ್ತಡ ಕೊಟ್ಟು ಸಣ್ಣ ತೂತಿನಿಂದ ಹೊರಗೆ ದೂಡುತ್ತದೆ. ದಾರಿಯಲ್ಲಿ ಎಲ್ಲಿಯೋ ಅಡ್ಡ ಇರಬೇಕು, ಇಲ್ಲವಾದರೆ ಗಾಳಿ ಸೇರಿರಬೇಕು. ಒಳಬರುವ ಪೈಪಿನ ಜಾಲರಿ ತೆಗೆದೆ. ಅದರಲ್ಲಿ ಕೆಂಪು ಮಣ್ಣು, ಸುಣ್ಣದ ಹಕ್ಕಳೆ, ಒಂದು ಹಳೆ ಸಂಪಿಗೆ ಎಸಳು. ತೊಳೆದು ಹಾಕಿದೆ. ತುದಿಯ ತೂತಿಗೆ ಹೇಮಾಕ್ಷಿಯ ಹೊಲಿಗೆ ಸೂಜಿ ಹಾಕಿ ತಿರುವಿದೆ. ಗನ್ ತೆರೆದಿಟ್ಟು ಗಾಳಿಯೆಲ್ಲ ಹೋಗುವ ತನಕ ಓಡಿಸಿದೆ. ಊಹೂಂ.

“ಪಂಪೇ ಬಿಚ್ಚಬೇಕು,” ಎಂದು ಮೋಟಾರು ನಿಲ್ಲಿಸಿ, ಪೈಪಿನ ಹಿತ್ತಾಳೆ ತಿರುಪಿಗೆ ಕೈ ಹಾಕಿದೆ.

“ಮೊದಲು ಟ್ರಿಗರ್ ಒತ್ತಿ ಬಿಡಿ ಶೆಟ್ರೇ,” ಎಂದಳು ಹೇಮಾಕ್ಷಿ ಜಗಲಿಯಿಂದ. “ಒಳಗೆ ನಿಂತ ಪ್ರೆಷರ್ ಹೋಗ್ಲಿ. ಇಲ್ಲದಿದ್ದರೆ ಮುಖಕ್ಕೇ ರಟ್ಟುತ್ತದೆ.”

ಹೌದಲ್ಲ! ಒತ್ತಿದೆ. ಫಿಸ್ ಎಂದು ಒಂದು ಬೊಗಸೆ ನೀರು ಅಂಗಳಕ್ಕೆ ಹಾರಿತು. ಹಡಗಿನಲ್ಲಿ ಇದನ್ನು ಮರೆತವನ ಕಣ್ಣು ಹೋದದ್ದನ್ನು ನೋಡಿದವನು ನಾನು. ನನಗೇ ಮರೆತುಹೋಯಿತು, ಥತ್.

“ನಿಮಗೆ ಇದೆಲ್ಲ ಗೊತ್ತುಂಟಾ?”

“ಎಂತ ಗೊತ್ತು! ಇವರು ನನಗೆ ಮುಟ್ಲಿಕ್ಕೇ ಬಿಡ್ತಿರಲಿಲ್ಲ. ಓಡಿಸುವಾಗ ನಾನು ಕಿವಿ ಮುಚ್ಕೊಂಡು ಒಳಗೆ ಹೋಗ್ತಿದ್ದೆ.”

ಗಂಡ ಯಾರಿಗೋ ಹೇಳಿದ ಮಾತನ್ನು ಒಳಗಿನಿಂದ ಕೇಳಿ ನೆನಪಿಟ್ಟುಕೊಂಡಿದ್ದಾಳೆ ಎಂದುಕೊಂಡೆ. ಪಾಪ ಅನ್ನಿಸಿತು. ನನ್ನ ಗುಲಾಬಿಗೂ ಹಾಗೆಯೇ, ನಾನು ಹೋದ ಬಂದರುಗಳ ಹೆಸರೆಲ್ಲ ಬಾಯಿಪಾಠ ಇತ್ತು.

ಪಂಪಿನ ತಲೆ ಬಿಚ್ಚಿದಾಗ ವಿಷಯ ಗೊತ್ತಾಯಿತು. ಒಳಗಿನ ಸಣ್ಣ ಸಣ್ಣ ವಾಲ್ವುಗಳು ಅಲುಗಾಡದಂತೆ ಕಚ್ಚಿಕೊಂಡಿದ್ದವು. ಅವುಗಳ ಸುತ್ತ ಬಿಳಿ ಹೆಪ್ಪು, ಹಿತ್ತಾಳೆಗೆ ಹಸಿರು ಕಿಲುಬು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟೆ.

ಉಪ್ಪು!

ಎದ್ದು ಬಾವಿಕಟ್ಟೆಗೆ ಹೋದೆ. ಒಂದು ಕೊಡಪಾನ ಎಳೆದು ಕುಡಿದೆ. ಎಳನೀರಿನಂಥ ನೀರು. ನಂತೂರು ಗುಡ್ಡೆಯ ಬಾವಿಯಲ್ಲಿ ಉಪ್ಪು ಎಲ್ಲಿಂದ ಬರಬೇಕು?

“ಹೇಮಾಕ್ಷಿ, ಈ ಗನ್ನು ಎಲ್ಲೆಲ್ಲ ಹೋಗಿತ್ತು?”

“ಎಲ್ಲಿ ಹೋಗಲಿಲ್ಲ ಕೇಳಿ!”

ನಮ್ಮ ಕಡೆಯ ಕ್ರಮವೇ ಅದು. ಗಲ್ಫಿನವನ ಮನೆಗೆ ಬಂದ ಸಾಮಾನು ಅವನೊಬ್ಬನದ್ದಾಗಿ ಉಳಿಯುವುದಿಲ್ಲ. ಟೇಪ್ ರೆಕಾರ್ಡರು ಮದುವೆಗಳಿಗೆ ಹೋಗುತ್ತದೆ, ಮಿಕ್ಸಿ ಬಸುರಿಯರ ಬಯಕೆ ಊಟಕ್ಕೆ ಹೋಗುತ್ತದೆ. ಇಲ್ಲ ಎಂದರೆ ‘ಅವನಿಗೆ ನಾಲ್ಕು ಕಾಸು ಬಂತು, ಜನ ಕಾಣುವುದಿಲ್ಲ’ ಎಂಬ ಹೆಸರು. ಜಯನ ಗನ್ನು ಇಗರ್ಜಿಯ ಅಂಗಳ ತೊಳೆದಿತ್ತು, ಪಂಪ್‌ವೆಲ್ಲಿನ ಹೋಟೆಲಿನ ಮುಂಭಾಗ ತೊಳೆದಿತ್ತು, ಭಜನಾ ಮಂದಿರದ ಮೆಟ್ಟಿಲು ತೊಳೆದಿತ್ತು. ರಜೆಗೆ ಬಂದವನು ರಜೆಯೆಲ್ಲ ಊರವರ ಪಾಚಿ ತೆಗೆದ.

“ಆದರೆ ಯಾರ ಕೈಗೂ ಕೊಡುದಿಲ್ಲ, ಇವರೇ ಹೋಗುವುದು,” ಎಂದಳು. “ಒಂದು ಬಿಳಿ ಕ್ಯಾನಿನಲ್ಲಿ ನಮ್ಮ ಬಾವಿಯ ನೀರು ಹಿಡ್ಕೊಂಡು ಹೋಗುವುದು. ಅರಬಿ ಅಕ್ಷರ ಉಂಟು ಅದರಲ್ಲಿ. ಕೆಲಸ ಆದ ಮೇಲೆ ಆ ನೀರನ್ನು ಯಂತ್ರಕ್ಕೆ ಕುಡಿಸಿ, ಮತ್ತೆ ತರುವುದು. ತಪ್ಪಿದ್ದೇ ಇಲ್ಲ. ಕುದುರೆಗೆ ನೀರು ಕುಡಿಸಿದ ಹಾಗೆ ಮಾಡ್ತೀರಿ ಅಂತ ನಾನು ತಮಾಷೆ ಮಾಡ್ತಿದ್ದೆ.”

“ಆ ಕ್ಯಾನು ಎಲ್ಲಿ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಇಲ್ಲ. ಯಂತ್ರ ಮಾತ್ರ ಇತ್ತು. ಇವರು ಹೋದ ಮರುದಿವಸ ಬೆಳಿಗ್ಗೆ ನೋಡ್ತೇನೆ, ಜಗಲಿಯಲ್ಲಿ.”

“ಸೂಟ್‌ಕೇಸು?”

“ಅದು ಇವರು ತಕ್ಕೊಂಡು ಹೋದ್ರಲ್ಲ. ಕೆಂಪು ಸೂಟ್‌ಕೇಸು, ನೀಲಿ ನೈಲಾನ್ ಹಗ್ಗ ಕಟ್ಟಿದ್ದು. ಆ ದಿವಸವೇ ಹೇಳಿದ್ದೇನೆ ನಿಮಗೆ.”

ಹೌದು, ಹೇಳಿದ್ದಳು. ಹಾಗಾದರೆ ಕೊನೆಯ ಸಲ ಯಂತ್ರ ಓಡಿಸಿದವನು ಜಯ ಅಲ್ಲ. ಜಯ ಆಗಿದ್ದರೆ ಸಿಹಿನೀರು ಕುಡಿಸದೆ ತರುತ್ತಿರಲಿಲ್ಲ. ಯಾರೋ ಉಪ್ಪು ನೀರಿನಲ್ಲಿ ಓಡಿಸಿ, ಅವಸರದಲ್ಲಿ ಹಾಗೆಯೇ ತಂದಿಟ್ಟಿದ್ದಾರೆ. ಬೇಸಗೆಯಲ್ಲಿ ಬಾವಿ ಉಪ್ಪಾಗುವುದು ಹೊಳೆ ಬದಿಯಲ್ಲಿ.

“ಹೊಳೆ ಬದಿ ಯಾರ ಮನೆಗಾದರೂ ಹೋಗ್ಲಿಕ್ಕೆ ಇತ್ತಾ ಜಯನಿಗೆ?”

ಹೇಮಾಕ್ಷಿ ಯಂತ್ರದ ಕಡೆ ನೋಡಿದಳು. ಹೈವೇಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಏರು ಹತ್ತುವುದು ಕೇಳುತ್ತಿತ್ತು.

“ಕುದ್ರೋಳಿಯಿಂದ ಕೆಳಗೆ ಒಬ್ಬರು ನರ್ಸ್ ಬಾಯಿ ಇದ್ದಾರೆ. ರೊಸಾಲಿನ್ ಅಂತ. ಒಬ್ಬರೇ ಇರುವುದು. ಅಂಗಳ ತೊಳೆದು ಕೊಡಿ ಅಂತ ಹೇಳಿ ಕಳಿಸಿದ್ರು. ಇವರು ಹೋಗ್ತೇನೆ ಅಂತ ಹೇಳಿದ್ದು ಉಂಟು, ಹೋದ್ರೋ ಇಲ್ವೋ ನನಗೆ ಗೊತ್ತಿಲ್ಲ.”

“ಇದನ್ನು ಮೊದಲೇ ಹೇಳ್ಬಾರದಿತ್ತಾ?”

“ನೀವು ಕೇಳಲಿಲ್ಲ.”

ಅದು ನಿಜವೇ. ಒಂದಿಷ್ಟು ಬಿಳಿ ಹೆಪ್ಪನ್ನು ಬೆಂಕಿಪೆಟ್ಟಿಗೆಗೆ ಹಾಕಿ ಕಿಸೆಯಲ್ಲಿಟ್ಟೆ. ಮಿಕ್ಕದ್ದಕ್ಕೆ ಪಕ್ಕದ ಮನೆಯ ನೆಲ್ಲಿ ಬಾಯಿಯಿಂದ ಕಳ್ಳಿನ ವಿನೆಗರ್ ತರಿಸಿ, ವಾಲ್ವುಗಳನ್ನು ಅದರಲ್ಲಿ ನೆನೆಹಾಕಿದೆ. ಬುರುಬುರು ನೊರೆ ಬಂದು ಕಚ್ಚಿದ್ದೆಲ್ಲ ಬಿಟ್ಟಿತು. ಜೋಡಿಸಿ ಸ್ವಿಚ್ ಹಾಕಿಸಿದೆ. ಈ ಸಲ ಗನ್ನು ನನ್ನ ಭುಜವನ್ನೇ ಹಿಂದಕ್ಕೆ ದೂಡಿತು. ತೆಂಗಿನ ಕಟ್ಟೆಯ ಕಪ್ಪು ಪಾಚಿ ಎದ್ದು ಹಾರಿತು.

ಹೇಮಾಕ್ಷಿ ಕಿವಿ ಮುಚ್ಚಿಕೊಳ್ಳಲಿಲ್ಲ. ಒಳಗೂ ಹೋಗಲಿಲ್ಲ. ಜಗಲಿಯ ಕಂಬ ಹಿಡಿದು, ಆ ಶಬ್ದ ಮುಗಿಯುವ ತನಕ ಅಲ್ಲಿಯೇ ನಿಂತಿದ್ದಳು.

“ನಾಳೆ ಬೆಳಿಗ್ಗೆ ಕುದ್ರೋಳಿಗೆ ಹೋಗ್ತೇನೆ,” ಎಂದೆ.

“ಸಿಕ್ಕಿದರೆ...” ಎಂದಳು.

*

ರೊಸಾಲಿನ್ ಬಾಯಿಯ ಮನೆ ಹುಡುಕಲು ಕಷ್ಟವಾಗಲಿಲ್ಲ. ಕುದ್ರೋಳಿಯ ಮೀನು, ಹಗ್ಗ, ಬೀಡಿ ಎಲೆಗಳ ಅಂಗಡಿ ದಾಟಿ, ಹಂಚಿನ ಗೋದಾಮಿನ ಹಿಂದೆ ಇಳಿದರೆ ಆಚೆ ಹೊಳೆ. ಈಚೆ ಅದೊಂದೇ ಮನೆ. ಅಕ್ಕಪಕ್ಕ ಎಂಬುದಿಲ್ಲ. ಕೂಗಿದರೆ ದೋಣಿಯವರಿಗೆ ಕೇಳಬೇಕು, ಅದೂ ಗಾಳಿ ಆಚೆಗೆ ಬೀಸಿದರೆ.

ಬಾಗಿಲು ತೆರೆದವರು ಐವತ್ತು ದಾಟಿದ, ಬೆನ್ನು ನೆಟ್ಟಗಿನ ಹೆಂಗಸು. ಬಾಂಬೆಯ ಆಸ್ಪತ್ರೆಯೊಂದರ ಆಪರೇಶನ್ ಥಿಯೇಟರಿನಲ್ಲಿ ಅರ್ಧ ಆಯುಷ್ಯ ನಿಂತು, ತಾಯಿಯನ್ನು ನೋಡಿಕೊಳ್ಳಲು ಊರಿಗೆ ಬಂದವರಂತೆ. ತಾಯಿ ತೀರಿಕೊಂಡರು. ಇವರು ಉಳಿದರು.

“ಬಾಯಾರಿಕೆ ಬಾಯಿ. ಸ್ವಲ್ಪ ನೀರು,” ಎಂದೆ.

“ಇರಿ, ಒಳಗಿನಿಂದ ತರ್ತೇನೆ. ಬಾವಿಯದ್ದು ಕುಡಿಬೇಡಿ. ಈಗ ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ, ಬರೀ ಉಪ್ಪು.”

ಅವರು ಒಳಗೆ ಹೋದಾಗ ಬಾಗಿಲನ್ನು ಸರಿಯಾಗಿ ಮುಚ್ಚಿಯೇ ಹೋದರು. ಒಂದು ಲೋಟ ನೀರು ತರುವುದಕ್ಕೆ ಯಾರೂ ಬಾಗಿಲು ಮುಚ್ಚುವುದಿಲ್ಲ.

ನಾನು ಅಂಗಳ ನೋಡಿದೆ. ಸಿಮೆಂಟಿನ ಅಂಗಳ. ಅರ್ಧಭಾಗ ಕಳೆದ ಮಳೆಗಾಲದ ಪಾಚಿ ಒಣಗಿ ಕರ್ರಗೆ. ಇನ್ನರ್ಧ ಬೆಳ್ಳಗೆ. ಬೆಳ್ಳಗಿನ ಭಾಗದಲ್ಲಿ ಪಟ್ಟಿ ಪಟ್ಟಿ, ಒಂದಕ್ಕೊಂದು ತಾಗಿಕೊಂಡು, ನೂಲು ಹಿಡಿದು ಎಳೆದ ಹಾಗೆ ನೇರ. ನಂತೂರಿನ ಮನೆಯಂಗಳದಲ್ಲೂ ಇದೇ ಪಟ್ಟಿ ನೋಡಿದ್ದೆ. ಜಯನ ಕೈ!

ಪಟ್ಟಿಗಳು ಜೀಗುಜ್ಜೆ ಮರದ ಬುಡಕ್ಕೆ ಬಂದು ನಿಂತಿದ್ದವು. ಅಲ್ಲೊಂದು ಚಾಪೆ ಹಾಸಿತ್ತು. ಚಾಪೆಯ ಮೇಲೆ ಕೆಂಪು ಮೆಣಸು ಹರಡಿತ್ತು.

ನಾನು ಮೇಲೆ ನೋಡಿದೆ. ಜೀಗುಜ್ಜೆಯ ದೊಡ್ಡ ದೊಡ್ಡ ಎಲೆ, ಕೊಡೆ ಹಿಡಿದ ಹಾಗೆ ನೆರಳು. ಅಂಗಳದ ಉಳಿದೆಲ್ಲ ಕಡೆ ಕಾಲಿಡಲಾಗದ ಬಿಸಿಲು. ಮಳೆ ಇನ್ನೇನು ಬಂತು ಎನ್ನುವಾಗ ಯಾವ ಹೆಂಗಸು ಮೆಣಸನ್ನು ನೆರಳಿಗೆ ಹಾಕುತ್ತಾಳೆ?

ಜಗಲಿಯ ಮೂಲೆಯಲ್ಲಿ ಒಂದು ಬಿಳಿ ಕ್ಯಾನೂ ಇತ್ತು. ಬೆನ್ನು ಈಚೆ ತಿರುಗಿಸಿ ಇಟ್ಟಿದ್ದರು. ಕಾಲಿನಿಂದ ತಿರುಗಿಸಿದೆ. ಅರಬಿ ಅಕ್ಷರ.

ಬಾಯಿ ಲೋಟ ಹಿಡಿದು ಬಂದರು. ನಾನು ನೀರು ಕುಡಿದು, ಲೋಟ ಕೊಟ್ಟು, ನೇರವಾಗಿ ಕೇಳಿದೆ, “ಜಯ ಯಾವಾಗ ಬಂದದ್ದು ಇಲ್ಲಿಗೆ?”

“ಯಾವ ಜಯ?”

“ನೀರಿನ ಗನ್ನಿನ ಜಯ. ನಂತೂರಿನವನು.”

“ಓ, ಅವರಾ. ಬರ್ತೇನೆ ಅಂದಿದ್ರು. ಬರಲಿಲ್ಲ.”

“ಮತ್ತೆ ಅಂಗಳ ತೊಳೆದದ್ದು ಯಾರು?”

“ನಾನೇ. ಬ್ರಶ್ಶಿನಲ್ಲಿ ಉಜ್ಜಿದ್ದು.”

“ಬ್ರಶ್ಶಿನಲ್ಲಿ ಉಜ್ಜಿದ್ರೆ ಹೀಗೆ ಪಟ್ಟಿ ಬೀಳುದಿಲ್ಲ ಬಾಯಿ. ಈ ಕ್ಯಾನು ಯಾರದ್ದು?”

“ಯಾರೋ ಕೊಟ್ಟದ್ದು. ಗಲ್ಫಿನ ಕ್ಯಾನು ಎಲ್ಲಾ ಮನೆಯಲ್ಲೂ ಉಂಟು.” ಅವರ ಧ್ವನಿ ಏರಿತು. “ನೀವು ಯಾರು? ಪೊಲೀಸಾ?”

“ಪೊಲೀಸ್ ಅಲ್ಲ. ಅವನ ಹೆಂಡತಿ ಕಳಿಸಿದವ. ಬಾಯಿ, ಮೆಣಸು ನೆರಳಿಗೆ ಯಾಕೆ ಹಾಕಿದ್ದೀರಿ?”

ನಾನು ಅಂಗಳಕ್ಕೆ ಇಳಿದು ಚಾಪೆಯ ಎರಡು ಮೂಲೆ ಹಿಡಿದೆ.

“ಬೇಡ!” ಎಂದರು.

ಎಳೆದೇಬಿಟ್ಟೆ. ಮೆಣಸು ಚೆಲ್ಲಿ ಘಾಟು ಎದ್ದಿತು. ಕೆಮ್ಮುತ್ತಾ ಬಗ್ಗಿ ನೋಡಿದೆ. ಅಲ್ಲಿ ಜಯನ ಪಟ್ಟಿಗಳಿರಲಿಲ್ಲ. ಗನ್ನಿನ ತುದಿಯನ್ನು ನೆಲಕ್ಕೇ ಒತ್ತಿ, ಒಂದೇ ಜಾಗಕ್ಕೆ ಸುತ್ತಿ ಸುತ್ತಿ ಹೊಡೆದ ಗುರುತು. ಸಿಮೆಂಟಿನ ಚರ್ಮವೇ ಹಾರಿ ಒಳಗಿನ ಜಲ್ಲಿ ಹಲ್ಲು ಕಿಸಿದಿತ್ತು. ಪಾಚಿ ತೆಗೆಯಲು ಯಾರೂ ಅಷ್ಟು ಹೊಡೆಯುವುದಿಲ್ಲ. ಪಾಚಿಗಿಂತ ಕೆಟ್ಟದ್ದೇನೋ ಇಲ್ಲಿ ಚೆಲ್ಲಿದೆ, ಅದು ಹೋಯಿತೆಂದು ಹೊಡೆದವರಿಗೆ ಎಷ್ಟು ಹೊಡೆದರೂ ನಂಬಿಕೆ ಬಂದಿಲ್ಲ.

ನಂತೂರಿನ ಜಗಲಿಯ ಕಂಬ ಹಿಡಿದು ನಿಂತ ಹೇಮಾಕ್ಷಿ ಕಣ್ಣಿಗೆ ಬಂದಳು. ಅವಳಿಗೆ ಎಂತ ಹೇಳಲಿ?

“ಎಲ್ಲಿ ಹಾಕಿದ್ದೀರಿ ಅವನನ್ನು?” ನಾನು ಕೂಗಿಯೇ ಕೂಗಿದೆ. “ಹೊಳೆಗಾ? ಬಾಯಿ, ಅವನ ಹೆಂಡತಿ ಕುಂಕುಮ ಇಡ್ಲಿಕ್ಕೂ ಆಗದೆ, ಅಳಿಸ್ಲಿಕ್ಕೂ ಆಗದೆ ಕೂತಿದ್ದಾಳೆ. ಹೇಳಿ, ಎಲ್ಲಿ?”

ರೊಸಾಲಿನ್ ಬಾಯಿ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. ಅವರ ಕೈಯಲ್ಲಿದ್ದ ಲೋಟ ಉರುಳಿ ಅಂಗಳಕ್ಕೆ ಬಿತ್ತು.

“ಕಿರುಚಬೇಡಿ,” ಎಂದರು, ಬಹಳ ಮೆಲ್ಲನೆ. “ಈಗ ನಿದ್ದೆ ಹತ್ತಿದ್ದು ಅವರಿಗೆ.”

*

ಒಳಗಿನ ಕೋಣೆಯಲ್ಲಿ ಹೊಳೆ ಕಡೆಯ ಕಿಟಕಿಯ ಕೆಳಗೆ ಒಂದು ಮಂಚ. ಮಂಚದಲ್ಲಿ ಒಬ್ಬ ಮನುಷ್ಯ, ಮೈಗೆ ದೊಗಳೆ ಪೈಜಾಮ. ತಲೆಕೂದಲು ತೆಗೆದು ಮತ್ತೆ ಮೊಳಕೆ ಬಂದಿತ್ತು. ಬಲಗಿವಿಯ ಮೇಲಿನಿಂದ ಹಿಂದಲೆಯ ತನಕ ಹೊಲಿಗೆಯ ಗುರುತು. ಎಡಗೈ ಹೊದಿಕೆಯ ಮೇಲೆ ಸತ್ತು ಬಿದ್ದಿತ್ತು. ಹೇಮಾಕ್ಷಿ ಕೊಟ್ಟ ಫೋಟೋದಲ್ಲಿದ್ದವನು ಇವನೇ ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಜೀವ ಉಂಟು! ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಯಿಯ ಕೈ ಹಿಡಿದು ಕುಲುಕಿಬಿಟ್ಟೆ. ಸಿಟ್ಟು ಬಂದದ್ದು ಆಮೇಲೆ.

“ಇಷ್ಟು ದಿವಸ ಇಟ್ಕೊಂಡು ಒಂದು ಮಾತು ಹೇಳ್ಬಾರದಿತ್ತಾ? ಆಸ್ಪತ್ರೆ ಇಲ್ವಾ ಊರಲ್ಲಿ?”

“ಕೂತ್ಕೊಳ್ಳಿ. ಹೇಳ್ತೇನೆ,” ಎಂದರು ಬಾಯಿ.

ಆ ಬೆಳಿಗ್ಗೆ ಜಯ ತೊಳೆಯುತ್ತಿದ್ದಾಗ ಅವರು ಮೀನು ತರಲು ಹೋಗಿದ್ದರು. ಹಿಂದೆ ಬರುವಾಗ ಅವನು ಮರದ ಬುಡದಲ್ಲಿ ಬಿದ್ದಿದ್ದ, ತಲೆಯ ಕೆಳಗೆಲ್ಲ ರಕ್ತ. ಆಸುಪಾಸಿನಲ್ಲಿ ಯಾರೂ ಇಲ್ಲ. ಯಂತ್ರ ನಿಂತಿತ್ತು. ಚಾಪೆಯ ಮೇಲೆ ಹೊರಳಿಸಿ, ಎಳೆದು ಒಳಗೆ ತಂದು, ಬಾಗಿಲು ಹಾಕಿ, ತಮ್ಮ ಹಳೆ ಪೆಟ್ಟಿಗೆ ತೆರೆದು ಹೊಲಿಗೆ ಹಾಕಲು ಕುಳಿತರು.

“ಆಗ ಹೊರಗೆ ಗನ್ನು ಓಡ್ಲಿಕ್ಕೆ ಶುರುವಾಯಿತು,” ಎಂದರು.

“ಎಂತ?”

“ಹೌದು. ಯಾರೋ ಬಂದು ಸ್ವಿಚ್ ಹಾಕಿ, ತೊಳಿಯುವುದು ಕೇಳ್ತದೆ. ಒಂದೇ ಜಾಗಕ್ಕೆ. ನಿಲ್ಲುವುದೇ ಇಲ್ಲ. ನನ್ನ ಕೈಯಲ್ಲಿ ಇವರ ತಲೆ, ಸೂಜಿ ಅರ್ಧದಲ್ಲಿ. ಕಿಟಕಿ ತೆರೆದು ನೋಡ್ಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಥಿಯೇಟರಿನಲ್ಲಿ ಎಷ್ಟು ರಕ್ತ ನೋಡಿದ್ದೇನೆ, ಹೆದರಿದವಳೇ ಅಲ್ಲ. ಆ ದಿವಸ ಹೆದರಿದೆ. ಆಮೇಲೆ ನಿಂತಿತು. ಹೊರಗೆ ಬಂದು ನೋಡಿದ್ರೆ ರಕ್ತವೂ ಇಲ್ಲ, ಯಂತ್ರವೂ ಇಲ್ಲ. ಕ್ಯಾನು ಒಂದು ಉಳಿದಿತ್ತು.”

“ಮತ್ತೆ ಪೊಲೀಸಿಗೆ?”

“ಹೇಳ್ಬೇಕು ಅಂತಲೇ ಇದ್ದೆ. ಇವರಿಗೆ ಮಾತು ಬಂತಲ್ಲ, ಮೊದಲು ಹೇಳಿದ್ದೇ ಯಾರಿಗೂ ಹೇಳ್ಬೇಡಿ ಅಂತ. ಹೆಂಡತಿಗೂ ಬೇಡ ಅಂತ.” ಬಾಯಿ ಹೊದಿಕೆಯ ಅಂಚು ಸರಿಮಾಡಿದರು. “ಸುಳ್ಳು ಯಾಕೆ ಹೇಳ್ಲಿ. ನನಗೂ ಬೇಕಾಗಿತ್ತು. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಗಂಜಿ ಎರಡು ಬಟ್ಟಲಿಗೆ ಬಡಿಸಿರಲಿಲ್ಲ. ಯಾರಾದರೂ ಬಂದು ಕರ್ಕೊಂಡು ಹೋದ್ರೆ ಅಂತ ದಿನಾ ಹೆದರಿಕೆ. ಅದು ತಪ್ಪು, ನನಗೆ ಗೊತ್ತುಂಟು.”

ಆ ಎರಡು ಬಟ್ಟಲಿನ ಮಾತು ನನಗೆ ಅರ್ಥವಾಗುತ್ತದೆ. ನಾನು ಹೋಟೆಲಿನಲ್ಲಿ ಉಣ್ಣುವುದೇ ಎದುರಿನ ಕುರ್ಚಿಯಲ್ಲಿ ಯಾರಾದರೂ ಕೂರುತ್ತಾರೆಂದು.

“ಅವನ ಸೂಟ್‌ಕೇಸು ಎಲ್ಲಿ?” ಎಂದೆ. “ಪಾಸ್‌ಪೋರ್ಟು, ಬಟ್ಟೆ?”

“ಸೂಟ್‌ಕೇಸಾ? ಮೈಮೇಲೆ ಇದ್ದ ಒದ್ದೆ ಬಟ್ಟೆ ಬಿಟ್ರೆ ಎಂತದ್ದೂ ಇರಲಿಲ್ಲ. ಇದು ನನ್ನ ಅಪ್ಪನ ಪೈಜಾಮ. ಸಂಜೆ ಬಸ್ಸು, ಮನೆಗೆ ಹೋಗಿ ಸ್ನಾನ ಮಾಡಿ ಹೊರಡ್ಲಿಕ್ಕೆ ಉಂಟು ಅಂತ ಹೇಳ್ತಿದ್ರು ಆ ಬೆಳಿಗ್ಗೆ.”

ಮನೆಗೆ ಹೋಗದವನು ಸೂಟ್‌ಕೇಸು ತೆಗೆದುಕೊಂಡು ಹೋದದ್ದು ಹೇಗೆ?

ಮಂಚದಲ್ಲಿ ಅಲುಗಾಟವಾಯಿತು. ಜಯ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ಯಾವಾಗ ಎಚ್ಚರವಾಯಿತೋ.

“ನಾನು ತಾರಾನಾಥ,” ಎಂದೆ. “ಹೇಮಾಕ್ಷಿ ಕಳಿಸಿದ್ದು. ನೀವು ಹೆದರಬೇಡಿ. ಈಗಲೇ ಹೋಗಿ ಹೇಳ್ತೇನೆ, ಅವಳು ಓಡಿ ಬರ್ತಾಳೆ.”

“ಬೇಡ.” ಮಾತು ತೊದಲುತ್ತಿತ್ತು, ತುಟಿಯ ಒಂದು ಕಡೆ ಮಾತ್ರ ಅಲುಗುತ್ತಿತ್ತು. “ಅವಳಿಗೆ... ಬೇಡ.”

“ಯಾಕೆ ಬೇಡ? ನಿಮ್ಮನ್ನು ಹೊಡೆದವರು ಯಾರು?”

“ನೀರಿನ ಶಬ್ದ. ಕೇಳಲಿಲ್ಲ ನನಗೆ. ಟ್ರಿಗರ್ ಬಿಟ್ಟು ತಿರುಗಿದೆ. ಹಾರೆ ಇತ್ತು ಕೈಯಲ್ಲಿ.” ಉಸಿರು ಎಳೆದುಕೊಂಡ. “ಹೇಮ.”

ನಾನು ನಂಬಲಿಲ್ಲ. ಒಂದು ಗಳಿಗೆ ನಂಬಲೇ ಇಲ್ಲ. ತಲೆಗೆ ಪೆಟ್ಟು ಬಿದ್ದವನ ಮಾತು, ಕನಸೋ ನೆನಪೋ ಎಂದುಕೊಂಡೆ.

ಆಗ ಕಿವಿಯಲ್ಲಿ ಕೇಳಿಸಿತು, ನಿನ್ನೆ ಜಗಲಿಯಿಂದ ಬಂದ ಮಾತು. ‘ಮೊದಲು ಟ್ರಿಗರ್ ಒತ್ತಿ ಬಿಡಿ ಶೆಟ್ರೇ. ಇಲ್ಲದಿದ್ದರೆ ಮುಖಕ್ಕೇ ರಟ್ಟುತ್ತದೆ.’ ಕಿವಿ ಮುಚ್ಚಿಕೊಂಡು ಒಳಗೆ ಹೋಗುವವಳಿಗೆ, ಯಂತ್ರ ಮುಟ್ಟದವಳಿಗೆ ಅದು ಹೇಗೆ ಗೊತ್ತು? ಮುಖಕ್ಕೆ ರಟ್ಟಿಸಿಕೊಂಡವರಿಗೇ ಗೊತ್ತು. ಒಮ್ಮೆ, ಅವಸರದಲ್ಲಿ, ಪೈಪು ಬಿಚ್ಚಿ ರಿಕ್ಷಾಕ್ಕೆ ಹೇರುವಾಗ.

ಹೊಡೆದಳು. ಓಡಿದಳು. ಓಡಿದವಳು ತಿರುಗಿ ಬರುವಾಗ ಗಂಡ ಬಿದ್ದ ಜಾಗದಲ್ಲಿ ಬರೀ ರಕ್ತ. ಎದ್ದು ಹೋದನೋ, ಯಾರಾದರೂ ಹೊತ್ತೊಯ್ದರೋ, ಹೊಳೆಗೆ ಬಿದ್ದನೋ? ಮುಚ್ಚಿದ ಬಾಗಿಲು ತಟ್ಟುವ ಧೈರ್ಯ ಅವಳಿಗೆ ಇರಲಿಲ್ಲ. ರಕ್ತ ತೊಳೆದಳು, ಯಂತ್ರ ಕೊಂಡುಹೋದಳು, ಕಾದಳು. ‘ಇದ್ದಾರಾ, ಇಲ್ಲವಾ. ನನಗೆ ಒಂದೇ ಗೊತ್ತಾಗ್ಬೇಕು.’ ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಉಪ್ಪಿನ ದಾರಿ ಹಿಡಿದು ಈ ಮನೆಯನ್ನು ನಾನು ಹುಡುಕಿದೆನೋ, ಅವಳು ನನ್ನಿಂದ ಹುಡುಕಿಸಿದಳೋ? ಮತ್ತೆ ನಾನು, ಮಹಾ ಬುದ್ಧಿವಂತ, ಅವಳ ವಿರುದ್ಧ ಸಾಕ್ಷಿಯಾಗಿದ್ದ ಉಪ್ಪನ್ನು ನನ್ನ ಕೈಯಾರೆ ವಿನೆಗರ್ ಹಾಕಿ ತೊಳೆದು ಬಂದಿದ್ದೆ. ಕಿಸೆಯ ಬೆಂಕಿಪೆಟ್ಟಿಗೆಯಲ್ಲಿ ಒಂದು ಚಿಟಿಕೆ ಉಳಿದಿತ್ತು.

“ಯಾಕೆ ಹೊಡೆದಳು?” ಎಂದು ಕೇಳಿದೆ.

ಜಯ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಹಾಗೆಯೇ ಹೇಳಿದ, “ಹಿಂದಿನ ರಾತ್ರಿ ನಾನು ಅವಳಿಗೆ ಒಂದು ಮಾತು ಹೇಳಿದ್ದೆ. ಹೇಳ್ಬಾರದಿತ್ತು.”

“ಎಂತ ಮಾತು?”

ಅವನು ಬಾಯಿ ತೆರೆಯುವುದಕ್ಕೂ, ಹೊರಗೆ ಗೇಟಿನ ಕಬ್ಬಿಣ ಕಿರುಗುಟ್ಟುವುದಕ್ಕೂ ಸರಿಯಾಯಿತು.

ರೊಸಾಲಿನ್ ಬಾಯಿ ಎದ್ದು ಅಂಗಳದ ಕಡೆಯ ಕಿಟಕಿಯ ಸಂದಿನಿಂದ ನೋಡಿದರು.

“ಇವಳಾ! ಯಾರು ಅಂತ ನನಗೆ ಗೊತ್ತಿರಲಿಲ್ಲ. ಆಗಾಗ ಬಂದು ಗೇಟಿನ ಆಚೆ ನಿಲ್ತಾಳೆ. ಮನೆಯನ್ನೇ ನೋಡ್ತಾಳೆ, ಹೋಗ್ತಾಳೆ. ಒಂದು ದಿವಸವೂ ಒಳಗೆ ಬಂದದ್ದಿಲ್ಲ.”

“ಇವತ್ತು?”

“ಇವತ್ತು ಗೇಟು ತೆರೆದಳು.”

ನಾನು ಜಗಲಿಯ ಬಾಗಿಲಿಗೆ ಬಂದು ಸಂದಿನಲ್ಲಿ ಕಣ್ಣಿಟ್ಟೆ. ಹೇಮಾಕ್ಷಿ ಅಂಗಳದ ನಡುವೆ ನಿಂತಿದ್ದಳು. ಚಾಪೆ ಸರಿದಿತ್ತು, ಮೆಣಸು ಚೆಲ್ಲಿತ್ತು. ಜಲ್ಲಿ ಎದ್ದ ಆ ಜಾಗವನ್ನೇ ನೋಡುತ್ತಿದ್ದಳು. ಹಣೆಯಲ್ಲಿ ಹೊಸದಾಗಿ ಇಟ್ಟ ಕುಂಕುಮ, ಬೆವರಿಗೆ ಸ್ವಲ್ಪ ಇಳಿದಿತ್ತು. ಬಲಗೈಯಲ್ಲಿ ಭಾರವಾದ ಏನನ್ನೋ ಹಿಡಿದಿದ್ದಳು, ಆ ಭಾರಕ್ಕೆ ಮೈ ಒಂದು ಕಡೆ ವಾಲಿತ್ತು.

ಕೆಂಪು ಸೂಟ್‌ಕೇಸು. ನೀಲಿ ನೈಲಾನ್ ಹಗ್ಗ ಕಟ್ಟಿದ್ದು.

“ಶೆಟ್ರೇ,” ಎಂದು ಕರೆದಳು. ಅವಳ ಧ್ವನಿ ಅಳುವಿನದ್ದೂ ಅಲ್ಲ, ಸಿಟ್ಟಿನದ್ದೂ ಅಲ್ಲ. “ಒಳಗಿದ್ದೀರಾ? ಸಿಕ್ಕಿದ್ರಾ?”

ಹಿಂದಿನ ಕೋಣೆಯಲ್ಲಿ ಜಯನ ಮಂಚ ಅಲುಗಿದ್ದು ಕೇಳಿ ತಿರುಗಿ ನೋಡಿದೆ. ಬಾಯಿ ಅವನ ಮಂಚಕ್ಕೆ ಅಡ್ಡವಾಗಿ ಬಂದು ನಿಂತರು.

ಹೇಮಾಕ್ಷಿ ಸೂಟ್‌ಕೇಸನ್ನು ಕೆಳಗಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ಬಾಗಿಲಿನ ಆಚೆ ನಿಂತಳು. ಈಚೆ ಚಿಲಕ ನನ್ನ ಕೈಯಲ್ಲಿತ್ತು.

“ಹೇಳಿ ಶೆಟ್ರೇ,” ಎಂದಳು. “ಇದ್ದಾರಾ, ಇಲ್ಲವಾ?”